ಸ್ವಂತದ ಓಡಾಟ

ಫೆಬ್ರವರಿ ೬

ಅಪ್ಪಾ,

ನಿನ್ನ ಕಾರನ್ನು ನಾನು ಒಂದು ವರ್ಷದಿಂದ ಬಾಡಿಗೆಗೆ ಕೊಡುತ್ತಿದ್ದೇನೆ.

ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. 'ಇತ್ತ ಎಲ್ಲರೂ ಕ್ಷೇಮ' ಎಂದು ಶುರು ಮಾಡಿದ್ದರೆ ಅಲ್ಲಿಂದ ಅತ್ತೆಯ ಮಂಡಿನೋವಿಗೆ ಹೋಗಿ, ನಲ್ಲಿಯ ನೀರಿಗೆ ಹೋಗಿ, ಕೊನೆಗೆ ಜಾಗ ಸಾಲದೆ ಸಹಿ ಹಾಕಿಬಿಡುತ್ತಿದ್ದೆ. ಹೋದ ವರ್ಷವೆಲ್ಲ ಹಾಗೇ ಆಯಿತು. ಪ್ರತಿ ಪತ್ರದಲ್ಲೂ 'ಕಾರು ಚೆನ್ನಾಗಿದೆ' ಎಂದು ಬರೆದಿದ್ದೆನಲ್ಲ, ಅದು ಸುಳ್ಳಲ್ಲ. ಚೆನ್ನಾಗಿಯೇ ಇದೆ. ಎಲ್ಲಿದೆ ಎಂದು ಮಾತ್ರ ಬರೆದಿರಲಿಲ್ಲ.

ಬೆಟ್ಟ ಹತ್ತುವ ಮುಂಚೆ ನೀನು ಏನು ಹೇಳಿದ್ದೆ? 'ವಾರಕ್ಕೊಂದು ಸಲ ಎಂಜಿನ್ ಶುರು ಮಾಡು, ಹತ್ತು ನಿಮಿಷ ಬಿಡು, ಆರಿಸು, ಹೊದಿಕೆ ಹಾಕು.' ಎರಡು ವರ್ಷ ಹಾಗೇ ಮಾಡಿದೆ. ಆದರೆ ಅಪ್ಪಾ, ನಿಂತಲ್ಲೇ ನಿಂತು ಗುರುಗುಟ್ಟುವ ಗಾಡಿಯನ್ನು ನೋಡಿದಾಗಲೆಲ್ಲ ಶಾಲೆಯ ಬೆಂಚಿನ ಮೇಲೆ ಕೂತ ನಾನೇ ಕಣ್ಣ ಮುಂದೆ ಬರುತ್ತಿದ್ದೆ. ಆ ಬೆಂಚು ಬಿಟ್ಟು ಎದ್ದುಬಂದವಳು ನಾನು. ಪಾಪದ ಕಾರಿಗೆ ತಾನಾಗಿ ಎದ್ದುಹೋಗಲು ಬರುವುದಿಲ್ಲ.

ಒಂದು ದಿನ ದರ್ಜಿಯ ಸ್ಕೂಟರ್ ಕೆಟ್ಟಿತು. ಶಾಲೆಯೊಂದಕ್ಕೆ ಹೊಲಿದ ಬಟ್ಟೆಯ ಮೂಟೆಗಳನ್ನು ಅವತ್ತೇ ತಲುಪಿಸಬೇಕಿತ್ತು. ಮನುಷ್ಯ ಅಳುವುದೊಂದು ಬಾಕಿ. ಕೀಲಿ ಕೊಟ್ಟೆ. ಸಂಜೆ ವಾಪಸು ತಂದಾಗ ಕಾರಿನ ಸದ್ದೇ ಬೇರೆಯಾಗಿತ್ತು, ಗಂಟಲು ಸರಿಮಾಡಿಕೊಂಡವರ ಹಾಗೆ. ಅವನು ದುಡ್ಡು ಕೊಟ್ಟ, ನಾನು ತೆಗೆದುಕೊಂಡೆ. ಆಮೇಲೆ ಫೋಟೋಗ್ರಾಫರ್ ಬಂದ. ಅವನ ಮಾತು ಕೇಳಿ ವಾದ್ಯಗೋಷ್ಠಿಯವರು ಬಂದರು. ಈಗ ಮುಂದಿನ ತಿಂಗಳ ಭಾನುವಾರಗಳಿಗೂ ಜನ ಹೇಳಿಟ್ಟಿದ್ದಾರೆ! ಟೈರು ಅಂಗಡಿಯ ಕೆಲಸ ಬಿಟ್ಟಿಲ್ಲ. ಆದರೆ ಬೆಳಿಗ್ಗೆ ಏಳುವಾಗ 'ಇವತ್ತು ಎಲ್ಲಿಗೆ ಹೋಗುತ್ತದೋ' ಎಂದು ನೆನೆದರೆ ಸಾಕು, ನಿದ್ದೆ ಹಾರಿಹೋಗುತ್ತದೆ. ನನ್ನ ಕೈಲಿ ಹಿಡಿದ ಕೆಲಸ ಒಂದೂ ನಿಂತದ್ದಿಲ್ಲ ಎಂದು ನೀನೇ ಹೇಳುತ್ತಿದ್ದೆ. ಇದು ನಿಂತಿದೆ. ಓಡುತ್ತ ನಿಂತಿದೆ.

ಈಗಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಮೊನ್ನೆ ಟೈರು ಯಜಮಾನರು ಕೇಳಿದರು, "ಬಾಡಿಗೆ ದುಡ್ಡಿಗೆ ತೆರಿಗೆ ಕಟ್ಬೇಕು, ಗೊತ್ತೇನೇ?"

"ನಮ್ಮನೆ ಕಾರಿಗಾ?"

"ಮನೇಲಿ ನಿಂತಿದ್ರೆ ಮನೆ ಕಾರು. ದುಡ್ಕೊಂಡು ಬಂದ್ರೆ ದುಡಿಯೋ ಕಾರು." ಆಮೇಲೆ ಆಚೆ ಈಚೆ ನೋಡಿ ದನಿ ಇಳಿಸಿದರು. "ಎಲ್ಲ ಕೈಗೇ ಕೊಟ್ಟಿದಾರೆ ತಾನೆ? ಹಾಗಾದ್ರೆ ಸುಮ್ನಿರು. ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಲ್ಲ."

ಯಜಮಾನರು ಕೈಲಿದ್ದ ಪಾನಾ ಕೆಳಗಿಟ್ಟು, "ಇಂಥವಳನ್ನ ಅಂಗಡೀಲಿ ಇಟ್ಕೊಂಡು ನಾನು ಉದ್ಧಾರ ಆದ ಹಾಗೇ," ಎಂದರು.

ನಾಳೆ ತೆರಿಗೆ ಕಚೇರಿಗೆ ಹೋಗುತ್ತೇನೆ. ಸರಕಾರಕ್ಕೆ ಹೇಳುವ ಮುಂಚೆ ನಿನಗೆ ಹೇಳಬೇಕು ಅನಿಸಿತು. ಇದರಲ್ಲಿ ಅತ್ತೆಗೆ ಎಷ್ಟು ಗೊತ್ತು ಎಂದು ಕೇಳಬೇಡ. ನಿನ್ನ ಅಕ್ಕನ ವಿಷಯವನ್ನು ನಿನ್ನ ಅಕ್ಕನೇ ಹೇಳಬೇಕು.

ಬೈಯುವುದಿದ್ದರೆ ಪೂರ್ತಿ ಬೈದುಬಿಡು, ಕಂತಿನಲ್ಲಿ ಬೇಡ.

ನಿನ್ನ
ಚಕ್ರ


ಫೆಬ್ರವರಿ ೮
ಬೆಳಿಗ್ಗೆ ಮಂಜು. ಗಾಳಿ ಪಶ್ಚಿಮದಿಂದ, ಜೋರು. ಮಳೆ ಸೊನ್ನೆ.

ಚಕ್ರ,

ಸಾಮಾನು ತಂದ ಜೀಪಿನವನು ಚಹಾ ಕುಡಿದು ಏಳುವುದರೊಳಗೆ ಇದನ್ನು ಬರೆಯಬೇಕು. ಅವನು ಕುದಿಯುವುದನ್ನೇ ಕುಡಿಯುವ ಮನುಷ್ಯ.

ಕಾರನ್ನು ಒಳಗೆ ನಿಲ್ಲಿಸು. ಹೊದಿಕೆ ಹಾಕು. ಕೀಲಿಯನ್ನು ಅತ್ತೆಯ ಕೈಗೆ ಕೊಡು. ತೆರಿಗೆ ಕಚೇರಿಯ ಮೆಟ್ಟಿಲು ಹತ್ತಬೇಡ.

ಕಾರು ನನ್ನ ಹೆಸರಿನಲ್ಲಿದೆ. ನಾನು ಹವಾಮಾನ ಇಲಾಖೆಯ ನೌಕರ. ಇಲಾಖೆಗೆ ತಿಳಿಸದೆ ನನಗೆ ಬೇರೆ ಆದಾಯ ಇರುವಂತಿಲ್ಲ. ನೀನು ಅಲ್ಲಿ ಬಾಯಿಬಿಟ್ಟರೆ ಇಲ್ಲಿ ನನ್ನ ಕಡತ ತೆರೆಯುತ್ತದೆ. ವರ್ಗಾವಣೆಗೆ ಸಹಿಯೊಂದೇ ಬಾಕಿ ಎಂದು ಕಳೆದ ತಿಂಗಳು ಕೇಂದ್ರ ಕಚೇರಿಯಿಂದ ಹೇಳಿದ್ದಾರೆ. ಜೂನ್ ತಿಂಗಳಿಗೆ ಕೆಳಗೆ ಬರಬಹುದು. ಮೂರು ವರ್ಷ ಈ ಮಂಜಿನಲ್ಲಿ ಕೂತಿದ್ದೇನೆ. ನಿನಗೆ ಹೇಳಿ ಆಮೇಲೆ ಆಗದಿದ್ದರೆ ಬೇಸರವಾದೀತೆಂದು ಹೇಳಿರಲಿಲ್ಲ.

ನಿನ್ನ ಬಾಯಿ ನನಗೆ ಗೊತ್ತು. ಅದಕ್ಕೂ ಒಂದು ಹೊದಿಕೆ ಹಾಕು.

ಹಾರನ್ ಹೊಡೆಯುತ್ತಿದ್ದಾನೆ.

ಅಪ್ಪ

ಯಾವ ದರ್ಜಿ? ಬಸ್ ನಿಲ್ದಾಣದ ಎದುರಿನವನೇ? ಅವನು ಕ್ಲಚ್ಚಿನ ಮೇಲಿಂದ ಕಾಲು ತೆಗೆಯದೆ ಓಡಿಸುವ ಆಸಾಮಿ.


ಫೆಬ್ರವರಿ ೧೨

ಅಪ್ಪಾ,

ನಿನ್ನ ಪತ್ರ ಬಂತು. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಇಳಿದಾಗಿತ್ತು.

ಜೂನ್! ಜೂನ್ ಎಂದು ಓದಿ ಅಡುಗೆಮನೆಯಲ್ಲಿ ಕುಣಿದೆ, ಅತ್ತೆ ಸೌಟು ಹಿಡಿದು ಗದರಿದರು. ಆಮೇಲೆ ಮುಂದಿನ ಸಾಲು ಓದಿ ಕೂತೆ. ಕೂತು ಎರಡು ದಿನವಾಯಿತು. ಈಗ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ತೆರಿಗೆ ಕಚೇರಿ ಅಂದರೆ ನಾನು ಏನೇನೋ ಅಂದುಕೊಂಡಿದ್ದೆ. ಅಂಚೆ ಕಚೇರಿಯ ಹಾಗೇ ಇದೆ. ಉದ್ದದ ಕೋಣೆ, ಗಾಜಿನ ಕಿಟಕಿಗಳು, ದಾರ ಕಟ್ಟಿದ ಪೆನ್ನು. ಮೂರನೇ ಕಿಟಕಿಯಲ್ಲಿ ಒಬ್ಬ ಮೇಡಂ. ಕನ್ನಡಕ ತಲೆಯ ಮೇಲಿತ್ತು, ಅವರು ಅದನ್ನು ಮೇಜಿನ ಮೇಲೆ ಹುಡುಕುತ್ತಿದ್ದರು.

"ಏನಮ್ಮಾ?"

"ತೆರಿಗೆ ಕಟ್ಟಕ್ಕೆ ಬಂದಿದೀನಿ."

"ನೋಟಿಸ್ ಬಂತಾ?"

"ಇಲ್ಲ."

"ಮತ್ತೆ ಯಾರು ಕಳ್ಸಿದ್ರು?"

"ಯಾರೂ ಇಲ್ಲ. ನಾನೇ ಬಂದೆ."

ಮೇಡಂ ಪಕ್ಕದ ಕಿಟಕಿಗೆ ಕೂಗಿದರು, "ರೀ, ಇಲ್ಲಿ ನೋಡಿ. ಈ ಹುಡುಗಿ ತಾನಾಗೇ ಬಂದಿದಾಳಂತೆ!" ಆತ ನಿಜವಾಗಿಯೂ ಎದ್ದು ನಿಂತು ನೋಡಿದ, ಅಪ್ಪಾ. ಮೃಗಾಲಯದ ಪ್ರಾಣಿಯಾಗಿಬಿಟ್ಟೆ.

ನಾನು ಎಲ್ಲ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡರು. ಬಂದ ಬಾಡಿಗೆಯೆಲ್ಲ ಆದಾಯವೇ. ಆದರೆ ಬಾಡಿಗೆಗಾಗಿ ಓಡಿದ್ದಕ್ಕೆ ತಗಲಿದ ಪೆಟ್ರೋಲು, ದುರಸ್ತಿ, ಟೈರಿನ ಸವೆತ ಇವನ್ನೆಲ್ಲ ಅದರಲ್ಲಿ ಕಳೆಯಬಹುದಂತೆ, ಉಳಿದದ್ದಕ್ಕೆ ಮಾತ್ರ ತೆರಿಗೆ! ಇದೇ ಲೆಕ್ಕವನ್ನು ಶಾಲೆಯಲ್ಲಿ 'ಒಬ್ಬ ವ್ಯಾಪಾರಿಯು' ಎಂದು ಶುರು ಮಾಡುತ್ತಿದ್ದರು. ಆ ವ್ಯಾಪಾರಿ ಯಾರು, ಯಾವ ಊರಿನವನು, ಯಾಕೆ ಯಾವಾಗಲೂ ನಷ್ಟದಲ್ಲೇ ಮಾರುತ್ತಾನೆ, ಒಂದೂ ತಿಳಿಯುತ್ತಿರಲಿಲ್ಲ. ಈಗ ಆ ವ್ಯಾಪಾರಿ ನಾನೇ. ತಲೆಗೆ ತಟ್ಟನೆ ಹೋಯಿತು.

ಆಮೇಲೆ ಕೋಟಿನ ವಿಷಯ ಕೇಳಿದೆ. ದರ್ಜಿ ಒಂದು ತಿಂಗಳು ದುಡ್ಡಿನ ಬದಲು ನನಗೊಂದು ಕೋಟು ಹೊಲಿದುಕೊಟ್ಟಿದ್ದ.

ಮೇಡಂ ಪೆನ್ನಿನ ಮುಚ್ಚಳ ಕಚ್ಚಿ ಯೋಚಿಸಿದರು. "ಹೊರಗಡೆ ಹೊಲಿಸಿದ್ರೆ ಎಷ್ಟಾಗ್ತಿತ್ತು, ಅಷ್ಟು ಆದಾಯ."

"ಒಂದು ತೋಳು ಗಿಡ್ಡ ಇದೆ, ಮೇಡಂ."

"ತೋಳಿಗೆ ರಿಯಾಯಿತಿ ಇಲ್ಲ."

ಗಾಡಿಯ ವಿಮೆ ಮನೆಬಳಕೆಯದು, ಬಾಡಿಗೆಗೆ ಬೇರೆ ವಿಮೆ, ಬೇರೆ ಪರವಾನಗಿ ಬೇಕು ಎಂದೂ ಹೇಳಿದರು. ಒಂದು ವರ್ಷ ಯಾವ ಅಪಘಾತವೂ ಆಗದೆ ಉಳಿದದ್ದು ನನ್ನ ಜಾಣತನವಲ್ಲ, ಗ್ರಹಚಾರ ನೆಟ್ಟಗಿತ್ತು ಅಷ್ಟೇ. ಅವತ್ತಿನಿಂದ ಕಾರು ಹೊರಗೆ ಹೋಗಿಲ್ಲ. ಪರವಾನಗಿ ಸಿಗುವ ತನಕ ಹೋಗುವುದಿಲ್ಲ. ಭಾನುವಾರದವರಿಗೆಲ್ಲ ಹೇಳಿದ್ದಾಗಿದೆ. ವಾದ್ಯಗೋಷ್ಠಿಯವರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ಕೊನೆಗೆ ಕೇಳಿದರು, "ಬಾಡಿಗೆಗೆ ಎಷ್ಟು ಓಡಿದೆ, ಸ್ವಂತಕ್ಕೆ ಎಷ್ಟು?" ನಾನು ನಿನ್ನ ಮಗಳಲ್ಲವೇ, ಪ್ರತಿ ಸಲವೂ ಮೀಟರು ನೋಡಿ ಬರೆದಿಟ್ಟಿದ್ದೆ. ಸ್ವಂತದ ಸಾಲಿನಲ್ಲಿ ಎಲ್ಲ ತಿಂಗಳೂ ಸೊನ್ನೆ.

ಅವರು ಕನ್ನಡಕ ಕೆಳಗಿಳಿಸಿದರು. ಅದು ತಲೆಯ ಮೇಲಿದ್ದದ್ದು ಆಗ ಗೊತ್ತಾಯಿತು ಅಂತ ಕಾಣುತ್ತದೆ. "ಮನೆಯವರು ಒಂದಿನಾನೂ ಅದರಲ್ಲಿ ಓಡಾಡಿಲ್ವಾ? ಖರ್ಚು ಜಾಸ್ತಿ ತೋರ್ಸಕ್ಕೆ ಎಲ್ಲಾರೂ ಹೀಗೇ ಬರೀತಾರೆ ಕಣಮ್ಮಾ."

"ನಿಜವಾಗ್ಲೂ ಸೊನ್ನೆ, ಮೇಡಂ."

"ಅತ್ತೆಗೆ ಮಂಡಿನೋವು ಅಂದ್ಯಲ್ಲ. ಆಸ್ಪತ್ರೆಗೆ ಹೇಗೆ ಕರ್ಕೊಂಡು ಹೋಗ್ತೀಯ?"

"ಬಸ್ಸಲ್ಲಿ."

"ಮನೇಲಿ ಕಾರು ಇಟ್ಕೊಂಡು ಬಸ್ಸಲ್ಲಿ ಯಾಕೆ?"

ಗೊತ್ತಿಲ್ಲ ಅಂದೆ. ಆ ಕಚೇರಿಯಲ್ಲಿ ನಾನು ಹೇಳಿದ ಸುಳ್ಳು ಅದೊಂದೇ.

ಈಗ ಗಂಟು ಬಿದ್ದಿರುವುದು ಇಲ್ಲಿ: ಗಾಡಿ ನಿನ್ನ ಹೆಸರಿನಲ್ಲಿರುವುದರಿಂದ ಬಾಡಿಗೆಯನ್ನು ಮೊದಲು ನಿನ್ನದೆಂದೇ ನೋಡುತ್ತಾರೆ. ಅದನ್ನು ನನಗೆ ಬಿಟ್ಟುಕೊಟ್ಟ ಕರಾರು ಇದ್ದರೆ ನನ್ನ ಆದಾಯ. ಕರಾರು ಇಲ್ಲದಿದ್ದರೆ ನೀನು ನಡೆದದ್ದನ್ನು ಬರೆದುಕೊಡಬೇಕು, ಅದರ ನಕಲು ನಿನ್ನ ಇಲಾಖೆಗೂ ಹೋಗುತ್ತದೆ. ನಿನ್ನ ಹೆಸರನ್ನು ಇನ್ನೂ ಅವರು ಬರೆದುಕೊಂಡಿಲ್ಲ. "ಅಪ್ಪನ್ನ ಕೇಳ್ಕೊಂಡು ಬಾ," ಎಂದು ಕಳಿಸಿದ್ದಾರೆ.

ಕೇಳುತ್ತಿದ್ದೇನೆ.

ಚಕ್ರ

ಹೌದು, ಅದೇ ದರ್ಜಿ. ಕ್ಲಚ್ಚಿನ ಪ್ಲೇಟು ಬದಲಾಯಿಸಿದೆ. ಅದನ್ನೂ ಖರ್ಚಿಗೆ ಹಾಕಬಹುದಂತೆ!


ಫೆಬ್ರವರಿ ೨೨
ಮೋಡ. ಗಾಳಿ ಇಲ್ಲ. ಮಳೆ ಸೊನ್ನೆ.

ಚಕ್ರ,

ಈ ಸಲ ಜೀಪಿನವನಿಗೆ ಎರಡನೇ ಲೋಟ ಚಹಾ ಕೊಟ್ಟು ಕೂರಿಸಿದ್ದೇನೆ.

ಇದರ ಜೊತೆ ಒಂದು ಕರಾರು ಪತ್ರವಿದೆ. ಕಾರನ್ನು ನಿನ್ನ ದುಡಿಮೆಗೆ ಬಿಟ್ಟುಕೊಟ್ಟಿದ್ದೇನೆ, ಬಂದ ಬಾಡಿಗೆಯೆಲ್ಲ ನಿನ್ನದು ಎಂದು ಬರೆದಿದ್ದೇನೆ. ಹೋದ ವರ್ಷದ ಜನವರಿ ಒಂದನೇ ತಾರೀಕು ಹಾಕಿದ್ದೇನೆ. ಜೀಪಿನವನು ಸಾಕ್ಷಿಗೆ ಸಹಿ ಮಾಡಿದ್ದಾನೆ. ಇದನ್ನು ಆ ಕಿಟಕಿಗೆ ಕೊಡು. ತೆರಿಗೆ ಪೂರ್ತಿ ಕಟ್ಟು, ಒಂದು ಕಾಸನ್ನೂ ಮುಚ್ಚಿಡಬೇಡ. ಯಾರಿಗೂ ಮೋಸವಿಲ್ಲ. ತಾರೀಕೊಂದು ಹಿಂದುಮುಂದು, ಅಷ್ಟೇ. ಎಲ್ಲರೂ ಹೀಗೇ ಮಾಡುತ್ತಾರೆ.

ನನಗೆ ಈಗ ಈ ಕೇಂದ್ರದ ಮೆಟ್ಟಿಲುಗಳನ್ನು ಹತ್ತಲು ಆಗುತ್ತಿಲ್ಲ. ಮನೆಗೆ ಬರಬೇಕು ಅನಿಸಿದೆ. ಮೊದಲು ಅನಿಸುತ್ತಿರಲಿಲ್ಲ. ಈಗ ಅನಿಸಿದೆ.

ಅಪ್ಪ


ಮಾರ್ಚ್ ೬

ಅಪ್ಪಾ,

ಕರಾರು ಪತ್ರವನ್ನು ವಾಪಸು ಕಳಿಸುತ್ತಿದ್ದೇನೆ. ಮಡಿಚಿದ ಗೆರೆಯಲ್ಲೇ ಮಡಿಚಿದ್ದೇನೆ.

ಅದನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡು ಮೂರನೇ ಕಿಟಕಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಇನ್ನೊಬ್ಬರೇ ಇದ್ದರು. ಆಗ ಏನೋ ನೆನಪಾಗಿ ಸಾಲು ಬಿಟ್ಟು ಹೊರಗೆ ಬಂದೆ. ಸಾಲು ಬಿಟ್ಟು ಬರುವುದು ನನಗೆ ರೂಢಿಯೇ, ನಿನಗೆ ಗೊತ್ತಲ್ಲ.

ನೆನಪಾದದ್ದು ಇದು. ನೀನು ಇನ್ನೂ ಕೆಳಗಿನ ಕೇಂದ್ರದಲ್ಲಿದ್ದೆ. ನಾನು ಚಿಕ್ಕವಳು, ರಜೆಯಲ್ಲಿ ನಿನ್ನ ಹಿಂದೆ ಬಾಲದ ಹಾಗೆ ಬರುತ್ತಿದ್ದೆ. ಒಂದು ದಿನ ನಿನಗೆ ಜ್ವರ. ಬೆಳಗಿನ ಹೊತ್ತಿಗೆ ಮಳೆಮಾಪಕ ನೋಡಲು ಆಗಲಿಲ್ಲ. ಮಧ್ಯಾಹ್ನ ನೀನು ಕಂಬಳಿ ಹೊದ್ದು ಹೋಗಿ ನೋಡಿದೆ, ಡಬ್ಬಿ ತುಂಬಿತ್ತು. ಆದರೂ ದಾಖಲೆ ಪುಸ್ತಕದಲ್ಲಿ ಬೆಳಗಿನ ಚೌಕವನ್ನು ನೀನು ಖಾಲಿ ಬಿಟ್ಟೆ.

"ಬರಿ ಅಪ್ಪಾ, ಯಾರಿಗೆ ಗೊತ್ತಾಗತ್ತೆ?" ಎಂದು ಕೇಳಿದ್ದು ನಾನೇ.

ನೀನು ಹೇಳಿದ್ದು ಹೀಗೆ: "ಬೆಳಿಗ್ಗೆ ನಾನು ನೋಡಿಲ್ಲ ಮಗಾ. ನೋಡದೇ ಇರೋದನ್ನ ನೋಡಿದೆ ಅಂತ ಬರೆಯೋ ಹಾಗಿಲ್ಲ. ಖಾಲಿ ಬಿಡೋದು ನಾಚಿಕೆಯಲ್ಲ, ತುಂಬ್ಸೋದು ನಾಚಿಕೆ. ಸೊನ್ನೆ ಇದ್ರೆ ಸೊನ್ನೆ ಬರಿ, ಗೊತ್ತಿಲ್ದಿದ್ರೆ ಖಾಲಿ ಬಿಡು."

ಶಾಲೆಯಲ್ಲಿ ಕಲಿತದ್ದು ಒಂದೂ ನೆನಪಿಲ್ಲ. ಇದು ಮಾತ್ರ ಮರೆತಿಲ್ಲ. ಹೋದ ವರ್ಷದ ಜನವರಿ ಒಂದರಂದು ನೀನು ನನಗೆ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ, ಅಪ್ಪಾ. ಆ ಚೌಕ ಖಾಲಿ. ಅದನ್ನು ನೀನು ತುಂಬಬೇಡ. ಬೇರೆ ಯಾರಾದರೂ ತುಂಬಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಜೂನ್ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಹಿತ್ತಲ ಕಡೆಯ ಕೋಣೆಗೆ ಬಣ್ಣ ಹೊಡೆದಿದ್ದೇನೆ. ಕಿಟಕಿ ಈಗ ಸಲೀಸಾಗಿ ತೆರೆಯುತ್ತದೆ. ಅಷ್ಟೇ.

ಇನ್ನು ಆ ಇನ್ನೊಂದು ಮಾತು. ಮೂರನೇ ಕಿಟಕಿಗೆ ಗೊತ್ತಿಲ್ಲ ಅಂದೆನಲ್ಲ, ಅದು.

ಅಮ್ಮನ ಸೀಟು. ಅವಳು ಕಾಲು ಮುದುಡಿ, ಗಾಜಿಗೆ ಹತ್ತಿರವಾಗಿ ಕೂರುತ್ತಿದ್ದಳು, ರಸ್ತೆಯನ್ನು ಎಲ್ಲರಿಗಿಂತ ಮೊದಲು ತಾನೇ ನೋಡಬೇಕು ಅನ್ನುವವಳ ಹಾಗೆ. ಅವಳು ಹೋದ ಮೇಲೆ ನೀನು ಆ ಸೀಟನ್ನು ಹಿಂದಕ್ಕೆ ಸರಿಸಲಿಲ್ಲ. ನಾನೂ ಸರಿಸಲಿಲ್ಲ. ನಾವಿಬ್ಬರೂ ಅದನ್ನು ಮಾತಾಡಲೂ ಇಲ್ಲ. ನೀನು ಬೆಟ್ಟ ಹತ್ತಿದೆ, ನಾನು ಹೊದಿಕೆ ಹಾಕಿದೆ. ಬೇರೆಯವರ ಕೈಗೆ ಕೊಟ್ಟಾಗ ಅದು ಬರೀ ಕಾರು. ನಾವು ಹತ್ತಿದರೆ ಅವಳ ಜಾಗದಲ್ಲಿ ಯಾರಾದರೂ ಕೂರಬೇಕಲ್ಲ. ಅದಕ್ಕೇ ಅತ್ತೆಗೆ ಬಸ್ಸು. ಅದಕ್ಕೇ ಸೊನ್ನೆ.

ಸೀಟನ್ನು ಸರಿಸಿದವನು ವಾದ್ಯಗೋಷ್ಠಿಯ ಡ್ರಮ್ಮಿನವನು. ದೊಡ್ಡ ಡ್ರಮ್ಮು ಹಿಂದೆ ಹಿಡಿಸಲಿಲ್ಲವಂತೆ. ಮುಂದಿನ ಸೀಟನ್ನು ಕೊನೆಯವರೆಗೆ ತಳ್ಳಿ, ಅದರ ಮೇಲೆ ಡ್ರಮ್ಮನ್ನು ಕೂರಿಸಿ, ಬೆಲ್ಟನ್ನೂ ಹಾಕಿ ಕರೆದುಕೊಂಡು ಬಂದ. ನಾನು ಗೇಟಿನ ಹತ್ತಿರ ನಿಂತಿದ್ದೆ. ದೂರದಿಂದ ನೋಡಿದರೆ ಯಾರೋ ದಪ್ಪ ಹೆಂಗಸು ಬೆಲ್ಟು ಹಾಕಿಕೊಂಡು ಗಂಭೀರವಾಗಿ ಬರುತ್ತಿದ್ದ ಹಾಗಿತ್ತು. ನಗು ಬಂತು. ಜೋರಾಗಿ ನಕ್ಕೆ. ಆಮೇಲೆ ಒಳಗೆ ಹೋಗಿ ಅತ್ತುಬಿಟ್ಟೆ. ಸೀಟನ್ನು ಮತ್ತೆ ಮೊದಲಿದ್ದ ಜಾಗಕ್ಕೆ ಸರಿಸಲು ನೋಡಿದೆ. ಕೆಳಗಿನ ಹಳಿಯ ಎಷ್ಟನೇ ಹಲ್ಲಿಗೆ ನಿಂತಿತ್ತೋ ನೆನಪಾಗಲಿಲ್ಲ. ಎಲ್ಲವನ್ನೂ ಬರೆದಿಟ್ಟ ನಾನು ಅದನ್ನು ಬರೆದಿಟ್ಟಿರಲಿಲ್ಲ.

ಬಾಡಿಗೆಯ ವಿಷಯವಲ್ಲ, ಒಂದು ವರ್ಷ ನಾನು ನಿನ್ನಿಂದ ಮುಚ್ಚಿಟ್ಟದ್ದು ಇದನ್ನು.

ಚಕ್ರ


ಏಪ್ರಿಲ್ ೯

ತಮ್ಮಾ,

ಜೀಪು ಎರಡು ಸಲ ಹತ್ತಿ ಇಳಿಯಿತು. ನಿನ್ನದೊಂದು ಸಾಲಿಲ್ಲ. ಗಾಳಿ ಎತ್ತ ಬೀಸಿತು ಎಂದು ದಿನಾ ಬರೆಯುವವನಿಗೆ ಹೆತ್ತ ಮಗಳಿಗೆ ಎರಡು ಸಾಲು ಬರೆಯಲು ಏನು ಧಾಡಿ?

ಹುಡುಗಿ ಜೀಪು ಬರುವ ದಿನ ಅಂಗಡಿಗೆ ಹೋಗುವುದಿಲ್ಲ. ಗೇಟು ಒರೆಸುತ್ತಾಳೆ. ಗೇಟನ್ನು ಯಾರಾದರೂ ಒರೆಸುತ್ತಾರೇನೋ? ಜೀಪಿನವನು ಬರಿಗೈ ಆಡಿಸಿ ಮುಂದೆ ಹೋದರೆ ಒರೆಸಿದ್ದನ್ನೇ ಇನ್ನೊಮ್ಮೆ ಒರೆಸುತ್ತಾಳೆ.

ನೀನು ಅವಳ ಮೇಲೆ ಮುನಿಯುವುದಿದ್ದರೆ ನನ್ನ ಮೇಲೂ ಮುನಿ. ಬಾಡಿಗೆ ಕುದುರಿಸಿದವಳು ನಾನು. ಅವಳಿಗೆ ಚೌಕಾಸಿ ಬರುವುದಿಲ್ಲ, ಕೇಳಿದಷ್ಟಕ್ಕೆ ಕೊಟ್ಟುಬಿಡುತ್ತಾಳೆ. ಫೋಟೋಗ್ರಾಫರನನ್ನು ಅಂಗಳದಲ್ಲಿ ನಿಲ್ಲಿಸಿ, "ನಮ್ಮ ಕಾರು ಅಂದ್ರೆ ಏನಂದ್ಕೊಂಡೆ, ಬಿಟ್ಟಿ ಬಿದ್ದಿದ್ಯಾ?" ಎಂದು ಬೆವರಿಳಿಸಿದವಳು ನಾನೇ. ಅವನು ನನ್ನನ್ನು 'ದೊಡ್ಡ ಯಜಮಾನಿ' ಅನ್ನುತ್ತಾನೆ. ಅವಳು ನನ್ನನ್ನು ಸಿಕ್ಕಿಸಬಾರದೆಂದು ನಿನಗೆ ಹೇಳಲಿಲ್ಲ.

ನಿನ್ನನ್ನು ಎತ್ತಿ ಆಡಿಸಿದವಳು ನಾನು. ಕದ್ದ ಮಾವಿನಕಾಯಿಯನ್ನು ವಾಪಸು ಕೊಟ್ಟು, ಒದೆಯನ್ನೂ ತಿಂದು ಬಂದವನು ನೀನು. ಆ ಬುದ್ಧಿ ಅವಳಿಗೆ ಎಲ್ಲಿಂದ ಬಂತು ಎಂದು ಊರೆಲ್ಲ ಹುಡುಕಬೇಕೇ?

ಮಂಡಿ ಹಾಗೇ ಇದೆ. ಬಸ್ಸಿನ ಮೆಟ್ಟಿಲು ಎತ್ತರ.

ಅಕ್ಕ


ಏಪ್ರಿಲ್ ೧೯
ಬೆಳಿಗ್ಗೆ ತಿಳಿಬಿಸಿಲು. ಮಧ್ಯಾಹ್ನ ಗುಡುಗು. ಮಳೆ, ಈ ವರ್ಷದ ಮೊದಲನೆಯದು.

ಚಕ್ರ,

ಅಕ್ಕನ ಪತ್ರ ನೋಡಿದ ಜೀಪಿನವನು, "ಸಾರ್, ಇದನ್ನ ಕೈಯಲ್ಲಿ ಹಿಡ್ಕೊಂಡ್ರೇ ಸುಡತ್ತೆ," ಎಂದ. ಓದಿದೆ. ಸುಟ್ಟಿತು.

ಎರಡು ಜೀಪುಗಳಿಗೆ ನಾನು ಬರೆದೆ. ಹರಿದೆ. ಸೀಟಿನ ಸಾಲಿಗೆ ಬಂದು ನಿಲ್ಲುತ್ತಿತ್ತು.

ಕರಾರು ಪತ್ರವನ್ನು ಒಲೆಗೆ ಹಾಕಿದೆ. ಇಲಾಖೆಗೆ ನಾನೇ ಬರೆದಿದ್ದೇನೆ: ನನಗೆ ತಿಳಿಯದೆ ನನ್ನ ಕಾರು ಒಂದು ವರ್ಷ ಬಾಡಿಗೆಗೆ ಓಡಿದೆ, ಓಡಿಸಿದವಳು ಮಗಳು, ಬಂದದ್ದೆಲ್ಲ ಅವಳ ದುಡಿಮೆ, ತಿಳಿದ ಮೇಲೂ ಎರಡು ತಿಂಗಳು ನಾನು ಸುಮ್ಮನಿದ್ದೆ, ಆ ತಪ್ಪು ನನ್ನದು. ಇಂದಿನ ತಾರೀಕು ಹಾಕಿದ್ದೇನೆ. ಅದರ ನಕಲು ನಿನ್ನ ಮೂರನೇ ಕಿಟಕಿಗೆ. ಕಾರನ್ನು ನಿನ್ನ ಹೆಸರಿಗೆ ಬರೆದ ಕಾಗದಗಳೂ ಇವೆ. ಅವುಗಳ ಮೇಲೂ ಇಂದಿನ ತಾರೀಕೇ. ಪರವಾನಗಿ ತೆಗೆದುಕೊಂಡು ಕೆಲಸ ಶುರು ಮಾಡು. ದರ್ಜಿಗೆ ಕ್ಲಚ್ಚಿನ ಬಗ್ಗೆ ಹೇಳು.

ಜೂನ್ ಏನಾಗುತ್ತದೋ ತಿಳಿಯದು. ಅದು ಅವರಿಗೆ ಬಿಟ್ಟದ್ದು.

ಸೀಟನ್ನು ಸರಿಸಲು ನನ್ನ ಕೈಲಿ ಆಗಿರಲಿಲ್ಲ. ಡ್ರಮ್ಮಿನವನು ಸರಿಸಿದ. ಒಳ್ಳೆಯದೇ ಆಯಿತು ಎಂದು ಬರೆಯಲು ನನಗೆ ಮೂರು ಜೀಪು ಬೇಕಾದವು.

ಬೆಲ್ಟು ಹಾಕಿದ್ದನೇ? ನಿಜವಾಗಿ? ಅವಳು ಒಂದು ದಿನವೂ ಹಾಕುತ್ತಿರಲಿಲ್ಲ. ಅದಕ್ಕೇ ನಮ್ಮಿಬ್ಬರಿಗೂ ಜಗಳ.

ಅಪ್ಪ


ಜೂನ್ ೧೩

ಅಪ್ಪಾ,

ಕಟ್ಟಿದೆ! ತೆರಿಗೆ ಕಟ್ಟಿದೆ, ತಡವಾದದ್ದಕ್ಕೆ ದಂಡವನ್ನೂ ಕಟ್ಟಿದೆ, ರಸೀದಿ ತಂದು ಅತ್ತೆಯ ಮುಂದೆ ಹಿಡಿದೆ. "ದುಡ್ಡು ಕೊಟ್ಟು ಬಂದು ಹೀಗೆ ಹಲ್ಲು ಕಿರಿಯೋರನ್ನ ನಾನು ಇದೇ ಮೊದಲು ನೋಡಿದ್ದು," ಎಂದರು. ಮೂರನೇ ಕಿಟಕಿಯ ಮೇಡಂ ಮುದ್ರೆ ಒತ್ತುವ ಮುಂಚೆ ನಿನ್ನ ಹೇಳಿಕೆಯನ್ನು ಎರಡು ಸಲ ಓದಿದರು. ಆಮೇಲೆ ಪಕ್ಕದ ಕಿಟಕಿಗೆ, "ರೀ, ಇವಳ ಅಪ್ಪಾನೂ ಹಾಗೇ ಅಂತೆ," ಎಂದರು. ಆತ ಈ ಸಲ ಏಳಲಿಲ್ಲ. ಕೂತಲ್ಲಿಂದಲೇ ಕೈ ಮುಗಿದ.

ಪರವಾನಗಿ ಬಂದಿದೆ. ಹೊಸ ವಿಮೆ ಬಂದಿದೆ. ಕಾರಿನ ಕಾಗದದಲ್ಲಿ ನನ್ನ ಹೆಸರಿದೆ. ಅದನ್ನು ಎಷ್ಟು ಸಲ ತೆಗೆದು ನೋಡಿದೆನೆಂದು ಬರೆಯುವುದಿಲ್ಲ, ನಗುತ್ತೀಯ. ವಾದ್ಯಗೋಷ್ಠಿಯವರು ರಾಜಿಯಾಗಿದ್ದಾರೆ. ಟೈರು ಯಜಮಾನರು ತಮ್ಮ ಹಳೇ ವ್ಯಾನನ್ನೂ ನೀನೇ ಬಾಡಿಗೆಗೆ ಬಿಡು ಎಂದು ಗಂಟುಬಿದ್ದಿದ್ದಾರೆ. "ಮೊದಲು ಕರಾರು, ಆಮೇಲೆ ಕೀಲಿ" ಎಂದೆ. "ಯಪ್ಪಾ!" ಎಂದರು.

ಮೊನ್ನೆ ನಿನ್ನ ಒಂದು ಸಾಲಿನ ಕಾಗದ ಬಂತು. 'ವರ್ಗಾವಣೆ ಒಂದು ವರ್ಷ ತಡೆದಿದ್ದಾರೆ. ಊಟ ಮಾಡು.' ಹವಾಮಾನವನ್ನೂ ಬರೆದಿರಲಿಲ್ಲ.

ಊಟ ಮಾಡಲಿಲ್ಲ. ನನ್ನಿಂದ ಹೀಗಾಯಿತು ಎಂದು ಹಿತ್ತಲ ಕೋಣೆಯಲ್ಲಿ ಹೋಗಿ ಕೂತೆ. ಹೊಸ ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಆ ಮುದ್ರೆ ಬೇಡವಾಗಿತ್ತೇ ಎಂದು ನನ್ನನ್ನೇ ಕೇಳಿಕೊಂಡೆ. ಬೇಕಾಗಿತ್ತು ಎಂದೇ ಉತ್ತರ ಬಂತು, ಅದಕ್ಕೇ ಇನ್ನಷ್ಟು ಅಳು ಬಂತು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಅವನು ಇಳಿಯಲ್ಲ ಅಂದ್ರೆ ರಸ್ತೆ ಏನು ಕಿತ್ತುಹೋಗಿದ್ಯಾ? ಜೀಪು ಹತ್ತಲ್ವಾ?" ಎಂದರು.

ಅಪ್ಪಾ, ನನಗೆ ಯಾಕೆ ಹೊಳೆಯಲಿಲ್ಲ? ಕಾರು ನನ್ನದು. ಚಕ್ರ ಎಂದು ಹೆಸರಿಟ್ಟವನು ನೀನು. ಮೂರು ವರ್ಷ ಗೇಟಿನ ಹತ್ತಿರ ನಿಂತು ಜೀಪು ಕಾದೆ!

ಜೀಪಿನವನನ್ನು ಕೇಳಿದೆ. ನಮ್ಮ ಕಾರು ಕೊನೆಯ ತಿರುವಿನವರೆಗೆ ಆರಾಮಾಗಿ ಹತ್ತುತ್ತದಂತೆ. ಅಲ್ಲಿಂದ ಮೇಲೆ ಕಲ್ಲುದಾರಿ, ನಡೆಯಬೇಕು. ಅತ್ತೆಯ ಮಂಡಿಗೆ ಅದು ಆಗುವುದಿಲ್ಲ. ಆದ್ದರಿಂದ ನೀನೇ ಇಳಿದು ಆ ತಿರುವಿಗೆ ಬಾ, ಬೆಳಗಿನ ಅಳತೆ ಬರೆದಾದ ಮೇಲೆ. ಚೌಕ ಖಾಲಿ ಬಿಟ್ಟು ಬರಬೇಡ, ನಾವು ಕಾಯುತ್ತೇವೆ. ಸಂಜೆಯ ಅಳತೆಯ ಹೊತ್ತಿಗೆ ನಿನ್ನನ್ನು ಬಿಟ್ಟುಬಿಡುತ್ತೇವೆ. ಹದಿನೈದು ದಿನಕ್ಕೊಮ್ಮೆ ಹೀಗೇ ಬರುತ್ತೇವೆ, ಒಂದು ವರ್ಷ. ಜೀಪಿನವನಿಗೆ ಈಗಲೇ ಹೊಟ್ಟೆಕಿಚ್ಚು.

ದರ್ಜಿ ನಾಳೆಗೇ ಕಾರು ಬೇಕು ಎಂದ. ದುಪ್ಪಟ್ಟು ಕೊಡುತ್ತೇನೆ ಎಂದ. ಇಲ್ಲ ಎಂದೆ.

ಇವತ್ತು ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನೋಡಿದೆ. ಹತ್ತುವ ಮುಂಚೆ ಅವರೂ ಒಂದು ಗಳಿಗೆ ನಿಂತರು. ಆಮೇಲೆ ಕೂತು, ಸೀಟನ್ನು ಹಿಂದೆ ಮುಂದೆ ಎಳೆದು, ಮಂಡಿಗೆ ಹಿತವಾದ ಕಡೆ ನಿಲ್ಲಿಸಿಕೊಂಡು, "ಹ್ಞಾಂ, ಇಲ್ಲಿರಲಿ," ಎಂದರು. ಅಮ್ಮನ ಜಾಗಕ್ಕಿಂತ ಸ್ವಲ್ಪ ಹಿಂದೆ ಇರಬೇಕು. ಬೆಲ್ಟು ಹಾಕಿಕೊಳ್ಳಲು ಅವರೂ ಜಗಳ ಮಾಡಿದರು. ಹಾಕಿಸಿದ್ದೇನೆ.

ಮೀಟರು ನೋಡಿ ಬರೆದಿದ್ದೇನೆ. ಈ ಸಲ ಸ್ವಂತದ ಸಾಲಿನಲ್ಲಿ. ಇದಕ್ಕಾಗುವ ಪೆಟ್ರೋಲನ್ನು ಖರ್ಚಿನಲ್ಲಿ ತೋರಿಸುವ ಹಾಗಿಲ್ಲ. ಇರಲಿ ಬಿಡು!

ಜೀಪು ಗೇಟಿನಲ್ಲಿ ನಿಂತಿದೆ, ಇದನ್ನು ಅವನ ಕೈಗೆ ಕೊಡುತ್ತಿದ್ದೇನೆ. ಅವನು ಇವತ್ತು ಹತ್ತುತ್ತಾನೆ. ನಾವು ನಾಳೆ ಬೆಳಿಗ್ಗೆ ಹೊರಡುತ್ತೇವೆ.

ಚಕ್ರ